ಬಾಗಿಲ ಮೇಲಿನ ತೂಕ

ನಮ್ಮೂರಿನ ಬಾಗಿಲುಗಳ ಮೇಲೆ ಮನೆಯವರ ಹೆಸರು ಇರುವುದಿಲ್ಲ, ಮನೆಯವರ ತೂಕ ಇರುತ್ತದೆ. ಬರೆಯುವವಳು ನಾನು. ಭಾನುವಾರ ಇಗರ್ಜಿಯ ಪೂಜೆ ಮುಗಿದ ಕೂಡಲೇ ಜನ ಚಪ್ಪಲಿ ಕಳಚಿಟ್ಟು ಸಾಲಾಗಿ ನಿಂತು ನನ್ನ ತಕ್ಕಡಿ ಹತ್ತಿ ಇಳಿಯುತ್ತಾರೆ. ಆಮೇಲೆ ನಾನು ಸೀಮೆಸುಣ್ಣ ಹಿಡಿದು ಬೀದಿ ಬೀದಿ ಸುತ್ತಿ, ಹಳೆಯ ಅಂಕಿ ಒರೆಸಿ ಹೊಸದು ಬರೆದು ಬರುತ್ತೇನೆ. ನನ್ನ ಹೆಸರು ತೊಮಾಸಾ, ಊರಿನವರ ಬಾಯಲ್ಲಿ ತೊಮಾಸಕ್ಕ. ಬೆನ್ನ ಹಿಂದೆ ಇನ್ನೇನೇನೋ ಅನ್ನುತ್ತಾರಂತೆ. ಅದನ್ನೆಲ್ಲ ಕೇಳಿಸಿಕೊಳ್ಳುವಷ್ಟು ಪುರುಸೊತ್ತು ನನಗಿಲ್ಲ.

ಮೊದಲು ನಾನು ತೂಗುತ್ತಿದ್ದದ್ದು ಸರಕನ್ನು ಮಾತ್ರ. ನದಿಯ ಈಚೆ ದಡ ನಮ್ಮದು, ಆಚೆ ದಡ ದೊಡ್ಡ ದೇಶದ್ದು, ನಡುವೆ ಒಂದು ಸೇತುವೆ. ನಾಲ್ಕು ನೆರೆದೇಶಗಳ ಅಧ್ಯಕ್ಷರು ಯಾವುದೋ ದೂರದ ರಾಜಧಾನಿಯಲ್ಲಿ ಕೂತು, ಇನ್ನು ನಮ್ಮ ನಮ್ಮೊಳಗೆ ಸುಂಕ ಬೇಡ, ತಡೆ ಬೇಡ, ಎಲ್ಲರದೂ ಒಂದೇ ಮಾರುಕಟ್ಟೆ ಎಂದು ಒಪ್ಪಂದಕ್ಕೆ ರುಜು ಹಾಕಿದ ದಿನ ನಮ್ಮೂರಲ್ಲಿ ಬ್ಯಾಂಡು ಬಾರಿಸಿದ್ದರು. ಸೇತುವೆಯ ಅಡ್ಡಗಂಬವನ್ನು ಕೊಯ್ದು ಅದರದೇ ಸೌದೆಯಲ್ಲಿ ಮಾಂಸ ಸುಟ್ಟು ಊರಿಗೆಲ್ಲ ಹಂಚಿದ್ದರು. ನಾನೂ ಕುಣಿದಿದ್ದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೊದಲೆರಡು ವರ್ಷ ನಮ್ಮ ಮರಗೆಣಸು, ನಮ್ಮ ಸೋಪು, ನಮ್ಮ ಹೆಂಗಸರು ಹೆಣೆದ ತೂಗುಜೋಲಿ ಎಲ್ಲವೂ ಆಚೆಗೆ ಹೋಗುತ್ತಿದ್ದವು. ಆಮೇಲೆ ಅವೆಲ್ಲ ಅಲ್ಲಿಯೇ ತಯಾರಾಗತೊಡಗಿದವು, ಅದೂ ನಮ್ಮ ಅರ್ಧ ಬೆಲೆಗೆ. ನಮ್ಮ ಹಿಟ್ಟಿನ ಗಿರಣಿ ಮುಚ್ಚಿತು. ಶುಕ್ರವಾರಕ್ಕೊಮ್ಮೆ ಆಚೆಯಿಂದ ಹಿಟ್ಟಿನ ಲಾರಿ ಬರುವುದು ಶುರುವಾಯಿತು.

ಆಚೆಯಿಂದ ಎಷ್ಟು ತೂಕ ಬಂದಿತೋ ಅಷ್ಟೇ ತೂಕ ಈಚೆಯಿಂದ ಹೋಗಬೇಕು. ಶುಕ್ರವಾರ ಹೊತ್ತು ಮುಳುಗುವುದರೊಳಗೆ ಲೆಕ್ಕ ಸಮ ಆಗದಿದ್ದರೆ ನಮ್ಮೂರು ಆ ವ್ಯತ್ಯಾಸದಷ್ಟು ನದಿಗೆ ಇಳಿಯುತ್ತದೆ. ಮೊದಲ ಸಲ ಯಾರೂ ನಂಬಲಿಲ್ಲ. ಅಗಸಗಿತ್ತಿಯರ ಓಣಿಯ ಹನ್ನೊಂದು ಮನೆಗಳು ಸದ್ದಿಲ್ಲದೆ ಇಳಿದುಹೋದ ಮೇಲೆ ಎಲ್ಲರೂ ನಂಬಿದರು. ದೊಡ್ಡ ದೇಶದ ನೆಲ ವಿಶಾಲವಾದದ್ದು, ಅದು ಅಲುಗಲಿಲ್ಲ. ಕಲ್ಲು ಮಣ್ಣು ತುಂಬಿ ಕಳಿಸೋಣ ಎಂದರೆ ಒಪ್ಪಂದದ ಪಟ್ಟಿಯಲ್ಲಿ ಕಲ್ಲು ಮಣ್ಣು ಇಲ್ಲ ಎಂದು ಆಚೆಯವರು ವಾಪಸು ಕಳಿಸಿದರು. ಪಟ್ಟಿಯ ಕೊನೆಯ ಪುಟದಲ್ಲಿ, ಜನರ ಮುಕ್ತ ಓಡಾಟಕ್ಕೆ ಯಾರೂ ಅಡ್ಡಿ ಮಾಡತಕ್ಕದ್ದಲ್ಲ ಎಂದು ಒಂದು ಸಾಲಿತ್ತು. ಅದನ್ನು ಓದಿ ಹೇಳಿದವರು ನಮ್ಮ ಪುರಸಭೆಯವರೇ. ಅವತ್ತಿನಿಂದ ಸರಕಿನ ಜಾಗದಲ್ಲಿ ಜನ ಹೋಗುತ್ತಿದ್ದಾರೆ.

ಹಿಟ್ಟಿನ ಮೂಟೆಗೆ ನಲವತ್ತಾರು ಕಿಲೊ. ಹೆಚ್ಚುಕಡಿಮೆ ಪ್ರತಿ ಶುಕ್ರವಾರವೂ ನಾವು ಕಳಿಸಿದ್ದಕ್ಕಿಂತ ಬಂದದ್ದು ಒಂದು ಮೂಟೆ ಹೆಚ್ಚಿರುತ್ತದೆ. ಸೇತುವೆಯ ನಮ್ಮ ತುದಿಯಲ್ಲಿ ಹಳೆಯ ಸುಂಕದ ಕಟ್ಟೆಯ ತೂಕದ ಹಲಗೆ ಇನ್ನೂ ಇದೆ. ಹೋಗುವುದು, ಬರುವುದು ಎಲ್ಲವೂ ಅದನ್ನು ಹಾದೇ ಹೋಗಬೇಕು. ಮುಳ್ಳು ಇರುವುದು ಮೇಲಿನ ಗೂಡಿನೊಳಗೆ, ಗೂಡಿನಲ್ಲಿ ಕೂರುವುದು ನಾನೊಬ್ಬಳೇ. ಸಂಜೆ ಮುಳ್ಳು ನೋಡಿ, ತಗಡಿನ ಕೊಳವೆ ಬಾಯಿಗಿಟ್ಟು ವ್ಯತ್ಯಾಸ ಎಷ್ಟೆಂದು ಕೂಗುತ್ತೇನೆ. ಪುರಸಭೆಯ ಇಬ್ಬರು ಬಾಗಿಲುಗಳನ್ನು ನೋಡುತ್ತಾ ಹೋಗುತ್ತಾರೆ. ಅಷ್ಟೇ ತೂಕದವರು ಸಿಕ್ಕರೆ ಅವರು ಹೊರಡಬೇಕು, ಇಲ್ಲದಿದ್ದರೆ ಅದಕ್ಕಿಂತ ಮೇಲಿನ ಮೊದಲ ಅಂಕಿಯವರು. ಹಾಗೆ ಹೆಚ್ಚಾಗಿ ಹೋದ ಕಿಲೊಗಳು ಮುಂದಿನ ಶುಕ್ರವಾರ ಬೆಳಿಗ್ಗೆ ಲೆಕ್ಕದಿಂದ ಅಳಿಸಿಹೋಗುತ್ತವೆ. ಆಚೆಯಲ್ಲಿ ಏನಿದೆ ಎಂದು ಕೇಳಬೇಡಿ. ಹೋದವರು ವಾಪಸು ಬರಬೇಕಾದರೆ ಇಲ್ಲಿ ಅವರಷ್ಟು ಜಾಗ ಆಗಬೇಕು, ಅಂದರೆ ನಾವು ಕಳಿಸಿದ್ದು ಹೆಚ್ಚಾಗಬೇಕು. ಆಗ ಎಂಟು ತಿಂಗಳಿಂದ ಒಬ್ಬರೂ ಬಂದಿರಲಿಲ್ಲ.

ಜನ ಯಾವುದಕ್ಕೆ ಬೇಕಾದರೂ ಒಗ್ಗಿಕೊಳ್ಳುತ್ತಾರೆ. ನಲವತ್ತಾರು, ನಲವತ್ತೇಳು ಇದ್ದವರೆಲ್ಲ ಮೊದಲ ತಿಂಗಳುಗಳಲ್ಲೇ ಹೋಗಿಬಿಟ್ಟರು. ಉಳಿದವರಲ್ಲಿ ಕೆಲವರು ಹಂದಿಕೊಬ್ಬು ತಿಂದು ತಿಂದು ತೊಂಬತ್ತು ದಾಟಿದರು. ಮಕ್ಕಳು ಹೋಗಬಾರದೆಂದು ಪುರಸಭೆ ಒಂದು ನಿಯಮ ಮಾಡಿತ್ತು, ನಲವತ್ತಾರಕ್ಕಿಂತ ಕಡಿಮೆ ಇದ್ದವರನ್ನು ಕರೆಯುವಂತಿಲ್ಲ ಎಂದು. ಬಡಕಲು ಮೈಯ ಕೆಲವರು ಆ ನಿಯಮವನ್ನೇ ನೆಚ್ಚಿಕೊಂಡು ಉಪವಾಸ ಬಿದ್ದರು. ಇಳಿಯುತ್ತಾ ಇಳಿಯುತ್ತಾ ಐವತ್ತರ ಹತ್ತಿರ ಬಂದಾಗಲೇ ಅವರ ಬಾಗಿಲು ತಟ್ಟುತ್ತಿದ್ದರು. ಹಾಗೆ ಐವತ್ತನಾಲ್ಕರವರೆಗೆ ಊರು ಖಾಲಿಯಾಯಿತು. ಬೇಕರಿಯಲ್ಲಿ ಜನ ಬ್ರೆಡ್ಡು ಕೊಳ್ಳುವಾಗ ಒಬ್ಬರ ಮುಖ ಇನ್ನೊಬ್ಬರು ನೋಡುತ್ತಿರಲಿಲ್ಲ. ಕೊಳ್ಳದೆ ಇರುತ್ತಿದ್ದರು ಅಂತಲ್ಲ.

ನನ್ನ ತಂಗಿ ಕ್ರಿಸಾಂತಾ ಐವತ್ತೇಳು ಕಿಲೊ ಇದ್ದಳು. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿದವಳು ನಾನೇ, ಮದುವೆಯ ಗೊಡವೆಗೂ ಹೋಗದೆ. ಅವಳೂ ಮದುವೆಯಾಗಲಿಲ್ಲ, ಯಾರ ಮಾತನ್ನೂ ಕೇಳದ ಹೆಣ್ಣು. ತೂಕ ಮಾಡುವವರನ್ನು ಕರೆಯುವಂತಿಲ್ಲ ಎಂಬ ಇನ್ನೊಂದು ನಿಯಮ ಇದ್ದದ್ದರಿಂದ ನನಗೆ ನನ್ನ ಭಯ ಇರಲಿಲ್ಲ. ಅದೆಲ್ಲಾ ಸೇರಿ ಅವಳ ಮೇಲೇ ಕೂತಿತ್ತು. ಒಂದು ಭಾನುವಾರ ಅಂಕಿ ಬರೆಯಲು ಹೋದಾಗ ಅವಳು ಬಾಗಿಲಲ್ಲೇ ನನ್ನ ಕೈ ಹಿಡಿದಳು.

"ಅಕ್ಕಾ, ನಾನು ಊಟ ಬಿಡ್ತೀನಿ. ನೀನು ಮಾತ್ರ ಬಾಗಿಲ ಮೇಲಿರೋ ಐವತ್ತೇಳನ್ನ ಮುಟ್ಟಬೇಡ. ನಲವತ್ತಾರರ ಕೆಳಗೆ ಬಂದ ದಿನ ನಿಜ ಬರಿ, ಆಯ್ತಾ?"

"ಸುಳ್ಳು ಬರೀಬೇಕಾ ನಾನು?"

"ಬರೀಬೇಡ. ಒರೆಸಬೇಡ, ಅಷ್ಟೇ."

ನಾನು ಒರೆಸಲಿಲ್ಲ. ಅಷ್ಟಕ್ಕೆ ನನ್ನ ಮೂವತ್ತು ವರ್ಷದ ಪ್ರಾಮಾಣಿಕತೆ ಮಣ್ಣುಪಾಲಾಯಿತು, ಅದಕ್ಕೆ ನನಗೇನೂ ದುಃಖವಾಗಲಿಲ್ಲ. ದುಃಖವಾಗುತ್ತಿದ್ದದ್ದು ಅವಳನ್ನು ನೋಡಿದಾಗ. ಐದು ತಿಂಗಳು ಕಹಿ ಸೊಪ್ಪಿನ ಚಹಾ ಕುಡಿದು, ಒಂದು ತುಂಡು ಗೆಣಸು ತಿಂದು ಬದುಕಿದಳು. ಹೊರಗೆ ಬರುವಾಗ ಲಂಗದ ಮೇಲೆ ಲಂಗ ತೊಟ್ಟು ಮೈ ತುಂಬಿದವಳ ಹಾಗೆ ಕಾಣುತ್ತಿದ್ದಳು. ಸಾಲಿನಲ್ಲಿ ಎಲ್ಲರಿಗಿಂತ ಕೊನೆಗೆ ಬಂದು ತಕ್ಕಡಿ ಹತ್ತುತ್ತಿದ್ದಳು. ಮುಳ್ಳು ಕಾಣುತ್ತಿದ್ದದ್ದು ನನಗೊಬ್ಬಳಿಗೇ, ಲಂಗಗಳ ತೂಕ ಕಳೆದು ಓದುತ್ತಿದ್ದೆ. ಐವತ್ತೆರಡು, ಐವತ್ತು, ನಲವತ್ತೊಂಬತ್ತು. ಕೊನೆಗೆ ಒಂದು ಭಾನುವಾರ ನಲವತ್ತೇಳಕ್ಕೆ ಬಂದಳು. ಇನ್ನೊಂದು ವಾರ, ಹೆಚ್ಚೆಂದರೆ ಎರಡು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅವಳ ಹಲ್ಲು ದೊಡ್ಡದಾಗಿ ಕಂಡವು.

ಆ ಶುಕ್ರವಾರ ಮಧ್ಯಾಹ್ನ ಲಾರಿ ಬಂತು, ಹೋಯಿತು. ಮುಳ್ಳು ನಲವತ್ತಾರರ ಮೇಲೆ ನಿಂತಿತು. ಐವತ್ತೈದರ ಬಾಗಿಲಿನ ಮುದುಕ ಹಣೆಬರಹ ತಿಳಿದವನಂತೆ ಬೆಳಿಗ್ಗೆಯೇ ಬಟ್ಟೆ ಗಂಟು ಕಟ್ಟಿಕೊಂಡು ಕಟ್ಟೆಯ ಕೆಳಗೆ ಕೂತಿದ್ದ. ಸಂಜೆ ಐದರ ಸುಮಾರಿಗೆ ನನ್ನ ನೆರೆಮನೆಯ ನಿಕಾನೊರ್, ಸೇತುವೆಯ ನಡುವಿನವರೆಗೆ ಹೋಗಿ ಆಚೆಯ ವ್ಯಾಪಾರಿಯಿಂದ ಕೊಂಡ ಒಂದು ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಬಂದ. ಬಡಗಿ, ಒಳ್ಳೆಯವನು, ಸ್ವಲ್ಪ ಹುಂಬ.

"ಏನಯ್ಯಾ ಅದು?" ಎಂದು ಗೂಡಿನಿಂದಲೇ ಕೇಳಿದೆ.

"ಹೊಲಿಗೆ ಮಿಷನ್ನು ತೊಮಾಸಕ್ಕ. ಫಿದೆಲಿನಾ ಎರಡು ವರ್ಷದಿಂದ ಪ್ರಾಣ ತಿಂತಿದ್ಲು. ಚಿಕ್ಕದೇ, ನೋಡಿ. ಇದೇನು ಮಹಾ ಭಾರ?"

ಹಲಗೆ ಹಾದು ಮನೆಗೆ ಹೋದ. ಹೋಗಿಬಂದ ಅವನ ತೂಕ ಸರಿಹೋಗಿ, ಪೆಟ್ಟಿಗೆಯ ತೂಕ ಸೇರಿ ಮುಳ್ಳು ಮೆಲ್ಲಗೆ ಹೊರಳಿ ಐವತ್ತೇಳರ ಮೇಲೆ ನಿಂತಿತು.

ನಾನು ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಗಾಜನ್ನು ಬೆರಳಿನಿಂದ ತಟ್ಟಿದೆ. ಐವತ್ತೇಳೇ. ಇಡೀ ಊರಿನಲ್ಲಿ ಐವತ್ತೇಳು ಎಂದು ಬರೆದಿದ್ದ ಬಾಗಿಲು ಒಂದೇ. ಅವಳು ಹಲಗೆ ಹಾದರೆ ಮುಳ್ಳು ನಲವತ್ತೇಳರಷ್ಟೇ ತಿರುಗುತ್ತದೆ. ಉಳಿದ ಹತ್ತು ಕಿಲೊಗೆ ಕೆಳ ಓಣಿಯ ಯಾವ ಮನೆ ಇಳಿಯುತ್ತದೋ ಯಾರಿಗೆ ಗೊತ್ತು. ನಿಜ ಹೇಳಿಬಿಡೋಣ ಎಂದರೆ, ಮೋಸಮಾಡಿದವರನ್ನು ಮನೆಮಂದಿ ಸಮೇತ ಆಚೆಗೆ ಅಟ್ಟುತ್ತಾರೆ, ಒಮ್ಮೆ ಹಾಗಾಗಿತ್ತು. ಆದರೆ ಸುಳ್ಳು ಯಾಕೆ ಹೇಳಲಿ, ಆ ಹೊತ್ತಿನಲ್ಲಿ ನಾನು ಕೆಳ ಓಣಿಯ ಬಗ್ಗೆ ಯೋಚಿಸಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಸೇತುವೆಯ ಮೇಲೆ ನಡೆದುಹೋಗುವ ಕ್ರಿಸಾಂತಾಳ ಬೆನ್ನು ಒಂದೇ.

ಕೆಳಗೆ ಜನ ನೆರೆದಿದ್ದರು, ಎಲ್ಲರೂ ಮೇಲೆ ನೋಡುತ್ತಿದ್ದರು. ನಾನು ಕೊಳವೆ ಎತ್ತಿದೆ.

"ಐವತ್ತೆಂಟು," ಎಂದೆ.

ಐವತ್ತೆಂಟು ನಿಕಾನೊರ್. ಅದು ನನಗೆ ಕೂಗುವ ಮೊದಲೇ ಗೊತ್ತಿತ್ತು, ನಾನೇ ತಾನೆ ಬರೆದವಳು. ಆ ಹನ್ನೊಂದು ಕಿಲೊ ಹೊತ್ತು ತಂದವನು ಅವನೇ ಅಲ್ಲವೆ, ಅವನೇ ತೀರಿಸಲಿ ಎಂದು ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡೆ. ಅವನು ಜಗಳ ಆಡಲಿಲ್ಲ. ಮಿಷನ್ನಿನ ಪೆಟ್ಟಿಗೆಯನ್ನು ಇನ್ನೂ ಬಿಚ್ಚಿರಲಿಲ್ಲವಂತೆ. ಹಲಗೆಯ ಹತ್ತಿರ ಬಂದು, ಪಕ್ಕದಲ್ಲಿದ್ದ ಹೆಂಡತಿ ಫಿದೆಲಿನಾಳ ಕಡೆ ಕೈ ತೋರಿಸಿ ತಲೆ ಎತ್ತಿ, "ತೊಮಾಸಕ್ಕ, ಇವಳನ್ನ ಸ್ವಲ್ಪ ನೋಡ್ಕೊಳ್ಳಿ" ಎಂದ. ಕೂಗಿದ್ದಕ್ಕಿಂತ ನಿಜವಾದ ವ್ಯತ್ಯಾಸ ಒಂದು ಕಿಲೊ ಕಡಿಮೆ ಇದ್ದದ್ದರಿಂದ ಅವನು ಹೋದ ಮೇಲೆ ಮುಳ್ಳು ಸೊನ್ನೆ ದಾಟಿ ಒಂದು ಗೆರೆಯಷ್ಟು ಆಚೆಗೆ ವಾಲಿತು. ಬಟ್ಟೆಯ ಗಂಟು ಕಟ್ಟಿಕೊಂಡಿದ್ದ ಮುದುಕ ನಗುತ್ತಾ ಮನೆಗೆ ಹೋದ.

ಮರುದಿನ ಮಧ್ಯಾಹ್ನ ನಾನೂ ಕ್ರಿಸಾಂತಾಳೂ ಅವಳ ಅಡುಗೆಮನೆಯಲ್ಲಿ ಕೂತಿದ್ದಾಗ ಫಿದೆಲಿನಾ ಬಂದಳು. ಕೈಯಲ್ಲಿ ಮೊಟ್ಟೆಯ ಬುಟ್ಟಿ. ಬುಟ್ಟಿಯನ್ನು ನನ್ನ ಮುಂದೆ ಇಟ್ಟು ನಿಂತೇ ಇದ್ದಳು.

"ಪೆಟ್ಟಿಗೆ ಮೇಲೆ ಹನ್ನೊಂದು ಕಿಲೊ ಅಂತ ಅಚ್ಚು ಹಾಕಿದ್ದಾರೆ ತೊಮಾಸಕ್ಕ," ಎಂದಳು. "ಹಿಟ್ಟಿನದು ನಲವತ್ತಾರು ಅಂತ ಎಲ್ಲರಿಗೂ ಗೊತ್ತು, ಆ ಮುದುಕ ಗಂಟು ಕಟ್ಕೊಂಡು ಕೂತಿದ್ದನ್ನ ನಾನೂ ನೋಡಿದೆ. ಎರಡೂ ಕೂಡಿದ್ರೆ ಎಷ್ಟಾಗುತ್ತೆ?"

ಅವಳು ಬಾಗಿಲ ಕಡೆ, ಅಲ್ಲಿ ಬರೆದಿದ್ದ ಐವತ್ತೇಳರ ಕಡೆ ಒಮ್ಮೆ ನೋಡಿದಳು. ಬೈಯುತ್ತಾಳೆ, ಕೂದಲು ಹಿಡಿದು ಎಳೆಯುತ್ತಾಳೆ ಎಂದುಕೊಂಡೆ. ಎಳೆದಿದ್ದರೆ ಚೆನ್ನಾಗಿತ್ತು.

"ನಾನು ಯಾರಿಗೂ ಹೇಳಲ್ಲ. ಆಣೆ ಮಾಡ್ತೀನಿ," ಎಂದಳು. "ನನಗೂ ಒಂದು ಒಳ್ಳೇ ಅಂಕಿ ಬರ್ಕೊಡಿ. ಅವರು ವಾಪಸ್ ಬಂದಾಗ ಮನೇಲಿ ನಾನಿರಬೇಕು. ಮೊಟ್ಟೆ ಸಾಲ್ದಿದ್ರೆ ಕೋಳೀನೇ ತರ್ತೀನಿ."

ಬಗ್ಗಿ ನನ್ನ ಕೈಗೆ ಮುತ್ತಿಟ್ಟು ಹೊರಟುಹೋದಳು. ನನ್ನ ಮದುವೆಯಾಗದ ಒರಟು ಕೈಗೆ ಹಾಗೆ ಯಾರೂ ಮುತ್ತಿಟ್ಟಿರಲಿಲ್ಲ. ಊರಿನವರೆಲ್ಲ ಹೀಗೇ ಒಬ್ಬೊಬ್ಬರಾಗಿ ಬುಟ್ಟಿ ಹಿಡಿದು ಬರುತ್ತಾರೆ, ಬಂದು ಹೀಗೇ ಬಗ್ಗುತ್ತಾರೆ ಎಂದು ಆ ಕ್ಷಣ ನನಗೆ ಹೊಳೆಯಿತು. ಇಷ್ಟು ದಿನ ಸೇತುವೆಗೆ ಹೆದರುತ್ತಿದ್ದವಳು ಮೊದಲ ಸಲ ನನಗೆ ನಾನೇ ಹೆದರಿದೆ.

ಕ್ರಿಸಾಂತಾ ಒಲೆಯ ಪಕ್ಕದಲ್ಲಿ ಅಲುಗದೆ ನಿಂತಿದ್ದಳು.

"ಐವತ್ತೇಳು ಇತ್ತಾ ಅಕ್ಕಾ?"

"ಇತ್ತು."

"ನನ್ನನ್ನ ಕೇಳಿದ್ಯಾ?"

"ಕೇಳೋಕೆ ಎಲ್ಲಿತ್ತು ಪುರುಸೊತ್ತು? ಇನ್ನೊಂದು ವಾರ ಇತ್ತು ಕಣೇ ನಿಂಗೆ, ಒಂದೇ ವಾರ!"

ಅವತ್ತು ಅವಳು ಚಹಾ ಸಹ ಕುಡಿಯಲಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರಿಗಿಂತ ಮೊದಲು ಬಂದು, ಊರೆಲ್ಲ ನೋಡುತ್ತಿದ್ದ ಹಾಗೇ ಒಂದರ ಮೇಲೊಂದು ತೊಟ್ಟಿದ್ದ ಲಂಗಗಳನ್ನು ಬಿಚ್ಚಿಟ್ಟು ಒಂದೇ ಅಂಗಿಯಲ್ಲಿ ತಕ್ಕಡಿ ಹತ್ತಿದಳು. ಬಟ್ಟೆ ಒಣಹಾಕುವ ಗೂಟದಂತಿದ್ದಳು. ನಲವತ್ತೈದು.

"ಕೂಗು ಅಕ್ಕಾ," ಎಂದಳು.

"ನಲವತ್ತೈದು," ಎಂದೆ. ಮೋಸ ಬಯಲಾಯಿತು, ಆದರೂ ಒಬ್ಬರೂ ತುಟಿ ಬಿಚ್ಚಲಿಲ್ಲ. ಮುಂದಿನ ವಾರ ಅವರೆಲ್ಲರ ಬಾಗಿಲಿಗೂ ಅಂಕಿ ಬರೆಯುವವಳು ನಾನೇ ತಾನೆ. ನನಗೆ ಆ ಮೌನ ಯಾವ ಬೈಗುಳಕ್ಕಿಂತಲೂ ಕೆಟ್ಟದಾಗಿ ಕೇಳಿಸಿತು. ಆದರೂ ಒಳಗೊಳಗೇ ಜೀವ ಹಗುರವಾಗಿತ್ತು. ಬದುಕಿತು ನನ್ನ ಕೂಸು, ಇನ್ನು ಇವಳನ್ನು ಯಾರೂ ಕರೆಯುವಂತಿಲ್ಲ, ಮನೆಗೆ ಹೋಗಿ ಗಂಜಿ ಕಾಯಿಸಿ ಕುಡಿಸುತ್ತೇನೆ ಎಂದುಕೊಳ್ಳುತ್ತಿದ್ದೆ.

ಅವಳು ತಕ್ಕಡಿ ಇಳಿದು ಮನೆಯ ಕಡೆ ತಿರುಗಲಿಲ್ಲ, ಸೇತುವೆಯ ಕಡೆ ನಡೆದಳು.

"ಕ್ರಿಸಾ, ಎಲ್ಲಿಗೇ?"

"ನಿಕಾನೊರ್ ಅಣ್ಣನಿಗೆ ಜಾಗ ಮಾಡೋಕೆ."

"ಅವನು ಐವತ್ತೆಂಟು, ನೀನು ನಲವತ್ತೈದು! ಸಾಲೋದಿಲ್ಲ ಕಣೇ! ನಿನ್ನನ್ನ ಯಾರೂ ಕರೆದಿಲ್ಲ!"

"ಕರೀಬಾರದು ಅಂತ ಬರೆದಿದ್ದಾರೆ. ಹೋಗಬಾರದು ಅಂತ ಎಲ್ಲೂ ಬರೆದಿಲ್ಲ." ಅವಳು ನಿಂತು ನನ್ನನ್ನು ನೋಡಿದಳು. "ಅಲ್ಲಿ ಹೆದರಿಕೆ ಆಗುತ್ತೋ ಏನೋ ಗೊತ್ತಿಲ್ಲ ಅಕ್ಕಾ. ಇಲ್ಲಿ, ನಿನ್ನ ಪಕ್ಕದಲ್ಲಿ ಕೂತರೆ ಆಗುತ್ತೆ. ಮುಂದಿನ ಸಲ ನನಗೋಸ್ಕರ ಯಾರನ್ನ ಕಳಿಸ್ತೀಯೋ ಅಂತ."

ನಾನು ಓಡಿಹೋಗಿ ಅವಳ ರಟ್ಟೆ ಹಿಡಿಯಬಹುದಾಗಿತ್ತು. ಹಿಡಿದೆ ಕೂಡ. ಆ ರಟ್ಟೆಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ, ಅದು ನನ್ನ ಕೈಯಿಂದ ಜಾರಿಹೋಯಿತು. ಪುರಸಭೆಯ ಇಬ್ಬರು ಅಡ್ಡ ಬಂದು, ಜನರ ಓಡಾಟಕ್ಕೆ ಅಡ್ಡಿ ಮಾಡುವಂತಿಲ್ಲ ತೊಮಾಸಕ್ಕ, ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಗೂಡಿಗೆ ಹೋಗಿ ಮುಳ್ಳು ನೋಡಿ ಎಂದರು. ಹೋದೆ. ಅವಳು ಹಲಗೆ ದಾಟಿದ್ದಳು. ಮೊದಲೇ ಇದ್ದ ಒಂದು ಕಿಲೊ ಸೇರಿ ಮುಳ್ಳು ಆಚೆ ಕಡೆಗೆ ನಲವತ್ತಾರು ತೋರಿಸುತ್ತಿತ್ತು.

ಊರಿನಲ್ಲಿ ಜಾಗವಾದಾಗ ಗಂಟೆ ಬಾರಿಸಬೇಕು, ಜಾಗ ಎಷ್ಟೆಂದು ಆಚೆಗೆ ಕೇಳುವ ಹಾಗೆ ಕೂಗಬೇಕು. ಎಂಟು ತಿಂಗಳ ಮೇಲೆ ನಾನು ಆ ಗಂಟೆ ಬಾರಿಸಿದೆ. ತಕ್ಕಡಿಯ ಸಾಲು ಬಿಟ್ಟು ಜನ ಹುಚ್ಚರಂತೆ ಓಡಿ ಬಂದರು. ಯಾರು ಬರುತ್ತಾರೆ, ಯಾರು ಬರುತ್ತಾರೆ ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಬೇಕರಿಯವಳು ಹಾಡಿಯೇಬಿಟ್ಟಳು. ಫಿದೆಲಿನಾ ಎಲ್ಲರಿಗಿಂತ ಮುಂದೆ ಬಂದು ನಿಂತಳು. ನನ್ನ ತಂಗಿ ಸೇತುವೆಯ ನಡುವಿನಲ್ಲಿ ಇನ್ನೂ ಕಾಣುತ್ತಿದ್ದಳು, ಅವಳ ಕಡೆ ಯಾರೂ ನೋಡುತ್ತಿರಲಿಲ್ಲ.

ಆಚೆಯಿಂದ ಒಂದು ಆಕೃತಿ ಹೊರಟಿತು. ಇಬ್ಬರೂ ನಡುವಿನಲ್ಲಿ ಎದುರಾದರು, ಒಂದು ಗಳಿಗೆ ನಿಂತು ಏನೋ ಮಾತಾಡಿದರು, ಬೇರೆಯಾದರು. ಬಂದವನು ನಿಕಾನೊರ್ ಅಲ್ಲ. ಯಾರೆಂದು ಮೊದಲಿಗೆ ಯಾರಿಗೂ ಗುರುತು ಸಿಗಲಿಲ್ಲ. ಹಲಗೆಯ ಮೇಲೆ ಬಂದು ನಿಂತಾಗ, ಕಿವಿಗಳನ್ನು ನೋಡಿ ತಿಳಿಯಿತು, ಕಟುಕರ ಅನ್ಸೆಲ್ಮೊ ಮಾವ. ಹತ್ತು ತಿಂಗಳ ಹಿಂದೆ, ಮುಳ್ಳು ಎಪ್ಪತ್ತೊಂದಕ್ಕೆ ಏರಿದ್ದ ಒಂದು ಶುಕ್ರವಾರ, ಸರಿಯಾಗಿ ಅಷ್ಟೇ ಕಿಲೊ ತೂಗಿ ಹೋದವನು. ಮುಳ್ಳು ಸರಿಯಾಗಿ ಸೊನ್ನೆಗೆ ಬಂದು ನಿಂತಿತು. ಫಿದೆಲಿನಾ ನೆಲದ ಮೇಲೆ ಕುಸಿದು ಕೂತಳು.

ನಾನು ಗೂಡಿನಿಂದ ಇಳಿದು ಜನರನ್ನು ನೂಕಿಕೊಂಡು ಅವನ ಹತ್ತಿರ ಹೋದೆ. "ಮಾವ, ಅಲ್ಲಿ ಊಟ ಕೊಡಲ್ವಾ?"

"ಕೊಡ್ತಾರೆ ತೊಮಾಸಾ. ಅಲ್ಲಿ ಹಿಟ್ಟಿಗೇನು ಬರ, ಗೋಡೌನಿನ ಸೂರು ಮುಟ್ಟೋವಷ್ಟು ಇದೆ." ಅವನು ತನ್ನ ಎರಡು ಅಂಗೈ ತೋರಿಸಿದ. ಬೆರಳುಗಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಕೊಕ್ಕೆಯಂತೆ ಬಾಗಿದ್ದವು. "ಕೆಲಸ ಜಾಸ್ತಿ. ನಿಮ್ಮ ಲಾರೀಗೆ ಮೂಟೆ ತುಂಬೋರು ಯಾರು ಅಂದ್ಕೊಂಡಿದ್ದೀಯ? ನಾವೇ ಅಲ್ವಾ. ಹೊಸಬರು ಬಂದ ಹಾಗೆಲ್ಲ ಜಾಸ್ತಿ ತುಂಬಿಸ್ತಾರೆ."

ನಾನು ಸೇತುವೆಯ ಕಡೆ ತಿರುಗಿದೆ. ಅದು ಖಾಲಿಯಾಗಿತ್ತು.

ಮುಂದಿನ ಶುಕ್ರವಾರ ಲಾರಿಯಲ್ಲಿ, ಎಂದಿನ ಹೆಚ್ಚಿನ ಮೂಟೆಯ ಮೇಲೆ ಇನ್ನೂ ಒಂದು ಮೂಟೆ ಬಂದಿತ್ತು. ಎಲ್ಲ ಮೂಟೆಗಳ ಬಾಯಿಯನ್ನು ಸಾಮಾನ್ಯ ಗಂಟು ಹಾಕಿ ಕಟ್ಟಿದ್ದರು. ಆ ಒಂದನ್ನು ಮಾತ್ರ, ನಾನು ಕ್ರಿಸಾಂತಾಳಿಗೆ ಏಳು ವರ್ಷವಿದ್ದಾಗ ಜಡೆ ಹೆಣೆಯಲು ಕಲಿಸಿದ್ದೆನಲ್ಲ, ಹಾಗೆ ಮೂರೆಳೆಯಲ್ಲಿ ಬಿಗಿಯಾಗಿ ಹೆಣೆದು ಕಟ್ಟಿದ್ದರು. ಕೆಳಗೆ ಜನ ಕಾಯುತ್ತಿದ್ದರು, ಹೊತ್ತು ನದಿಗೆ ತಾಗುತ್ತಿತ್ತು. ನಾನು ಕೊಳವೆ ಎತ್ತಿ, "ತೊಂಬತ್ತೆರಡು" ಎಂದು ಕೂಗಿದೆ.